ಬ್ರಾಯ್ಲರ್ ಕೋಳಿಯ ಮಿತವ್ಯಯದ ಆಹಾರ ಸೂತ್ರ

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಗೆ ಬೇಕಾದ ಪೋಷಕಾಂಶಗಳು ಕಡಿಮೆ ಖರ್ಚಿನಲ್ಲಿ ದೊರೆಯುವಂತೆ ಆಹಾರ ಪದಾರ್ಥಗಳ ಪ್ರಮಾಣವನ್ನು ಗೊತ್ತುಮಾಡುವ ಕ್ರಮ. ಸಾಕಣೆಯ ಒಟ್ಟು ವೆಚ್ಚದಲ್ಲಿ ಶೇ. 65–70ರಷ್ಟು ಆಹಾರಕ್ಕೇ ತಗಲುವುದರಿಂದ ಲಾಭನಷ್ಟ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಅಗತ್ಯಗಳು: ವಯಸ್ಸಿಗೆ ತಕ್ಕಂತೆ ಪ್ರೀ-ಸ್ಟಾರ್ಟರ್, ಸ್ಟಾರ್ಟರ್, ಫಿನಿಷರ್ ಎಂಬ ಮೂರು ಬಗೆಯ ಆಹಾರ ರೂಢಿಯಲ್ಲಿದೆ. ಭಾರತೀಯ ಮಾನಕ ಬ್ಯೂರೋದ 2007ರ ಮಾನಕದಂತೆ ಇವುಗಳಲ್ಲಿ ಕ್ರಮವಾಗಿ ಕನಿಷ್ಠ ಶೇ. 23, 22, 20 ಪ್ರೋಟೀನೂ ಕಿಲೋಗೆ 3000, 3100, 3200 ಕಿಲೋಕ್ಯಾಲೊರಿ ಶಕ್ತಿಯೂ ಇರಬೇಕು. ಮರಿ ಬೆಳೆದಂತೆ ಪ್ರೋಟೀನಿನ ಪ್ರಮಾಣ ಇಳಿಯುವುದರಿಂದ, ಸಕಾಲಕ್ಕೆ ಆಹಾರ ಬದಲಿಸುವುದೇ ಒಂದು ಉಳಿತಾಯ.

ಪದಾರ್ಥಗಳು: ಶಕ್ತಿಗೆ ಮೆಕ್ಕೆಜೋಳ, ಪ್ರೋಟೀನಿಗೆ ಸೋಯಾ ಹಿಂಡಿ ಮುಖ್ಯ ಆಧಾರ. ಮೆಕ್ಕೆಜೋಳದಲ್ಲಿ ಶೇ. 9, ಹಿಂಡಿಯಲ್ಲಿ ಶೇ. 45 ಪ್ರೋಟೀನ್ ಇದೆಯೆಂದು ಹಿಡಿದರೆ, ಶೇ. 22 ಪ್ರೋಟೀನಿನ ಮಿಶ್ರಣಕ್ಕೆ ಇವೆರಡು ಸುಮಾರು 64:36ರ ಪ್ರಮಾಣದಲ್ಲಿ ಬೇಕು. ಶಕ್ತಿಯ ಕೊರತೆಯನ್ನು ಎಣ್ಣೆ ತುಂಬುತ್ತದೆ. ಈ ಮಿಶ್ರಣದಲ್ಲಿ ಮೊದಲು ಕಡಿಮೆ ಬೀಳುವ ಅಮೈನೋ ಆಮ್ಲ ಮೆಥಿಯೋನಿನ್. ಅದಕ್ಕಾಗಿ ಹಿಂಡಿಯನ್ನು ಹೆಚ್ಚಿಸುವ ಬದಲು ಕೃತಕ ಮೆಥಿಯೋನಿನ್ನನ್ನೇ ಅಲ್ಪ ಪ್ರಮಾಣದಲ್ಲಿ ಬೆರೆಸುವುದು ಅಗ್ಗ. ಸಸ್ಯಮೂಲದ ರಂಜಕದ ಹೆಚ್ಚಿನ ಭಾಗ ಫೈಟೇಟ್ ರೂಪದಲ್ಲಿದ್ದು ಕೋಳಿಗೆ ದಕ್ಕುವುದಿಲ್ಲ. ಫೈಟೇಸ್ ಕಿಣ್ವ ಅದನ್ನು ಬಿಡಿಸಿಕೊಡುವುದರಿಂದ ರಂಜಕಕ್ಕಾಗಿ ಬೆರೆಸುವ ದುಬಾರಿಯಾದ ಡೈಕ್ಯಾಲ್ಸಿಯಂ ಫಾಸ್ಫೇಟಿನ (ಡಿಸಿಪಿ) ಬಳಕೆ ತಗ್ಗುತ್ತದೆ. ಸುಣ್ಣಕಲ್ಲಿನ ಪುಡಿ, ಉಪ್ಪು, ಜೀವಸತ್ವ ಮತ್ತು ಖನಿಜ ಮಿಶ್ರಣಗಳು ಉಳಿದ ಅಂಶಗಳು.

ಮೆಕ್ಕೆಜೋಳ ತುಟ್ಟಿಯಾದಾಗ ನುಚ್ಚಕ್ಕಿ, ಸಜ್ಜೆ, ಟ್ಯಾನಿನ್ ಕಡಿಮೆಯಿರುವ ಜೋಳವನ್ನು ಭಾಗಶಃ ಬಳಸಬಹುದು. ಎಣ್ಣೆ ತೆಗೆದ ತೌಡಿನಲ್ಲಿ ನಾರು ಹೆಚ್ಚು, ಶಕ್ತಿ ಕಡಿಮೆ; ಆದ್ದರಿಂದ ಅದರ ಬಳಕೆ ಮಿತವಾಗಿರಬೇಕು. ಹಸಿ ಸೋಯಾ ಕಾಳು ಪ್ರೋಟೀನಿನ ಜೀರ್ಣಕ್ರಿಯೆಗೆ ಅಡ್ಡಿಯಾಗುವುದರಿಂದ ಅದನ್ನು ಶಾಖದಲ್ಲಿ ಸಂಸ್ಕರಿಸಿಯೇ ಬಳಸಬೇಕು.

ಲೆಕ್ಕಾಚಾರ: ಮೇಲಿನ 64:36ರಂತೆ ಎರಡು ಪದಾರ್ಥಗಳ ಪ್ರಮಾಣವನ್ನು ಕೈಲೆಕ್ಕದಿಂದ ತಿಳಿಯಲು ಪಿಯರ್ಸನ್ ಚೌಕ ವಿಧಾನವಿದೆ. ದೊಡ್ಡ ಗಿರಣಿಗಳು ಪದಾರ್ಥಗಳ ಬೆಲೆ, ಸತ್ವ, ಬಳಕೆಯ ಮಿತಿಗಳನ್ನು ಕಂಪ್ಯೂಟರಿಗೆ ಕೊಟ್ಟು ರೇಖೀಯ ಪ್ರೋಗ್ರಾಮಿಂಗ್ ವಿಧಾನದಿಂದ ಕನಿಷ್ಠ ವೆಚ್ಚದ ಸೂತ್ರ ಪಡೆಯುತ್ತವೆ. ಬೆಲೆ ಏರಿಳಿದಂತೆ ಸೂತ್ರವೂ ಬದಲಾಗುತ್ತದೆ.

ಆದರೆ ಅಗ್ಗದ ಆಹಾರವೆಲ್ಲ ಮಿತವ್ಯಯದ್ದಲ್ಲ. ಕಿಲೋಗೆ 40 ರೂ. ಬೆಲೆಯ ಆಹಾರ 1.6 ಕಿಲೋ ತಿಂದು ಕೋಳಿ ಒಂದು ಕಿಲೋ ತೂಗಿದರೆ ಖರ್ಚು 64 ರೂ. 38 ರೂ. ಆಹಾರ 1.75 ಕಿಲೋ ಬೇಕಾದರೆ ಖರ್ಚು 66.50 ರೂ. ಹೀಗಾಗಿ ಒಂದು ಕಿಲೋ ಜೀವತೂಕಕ್ಕೆ ತಗಲುವ ಆಹಾರವೆಚ್ಚವೇ ಸರಿಯಾದ ಅಳತೆ.

ಗುಣಮಟ್ಟ: ಮೆಕ್ಕೆಜೋಳ ಹೆಚ್ಚು ಬೆಳೆಯುವ ದಾವಣಗೆರೆ, ಹಾವೇರಿಯಂಥ ಜಿಲ್ಲೆಗಳಲ್ಲಿ ಕೊಯ್ಲಿನ ಕಾಲದಲ್ಲಿ ಕೊಂಡು ದಾಸ್ತಾನು ಮಾಡುವುದು ಲಾಭಕರ. ಆದರೆ ಸರಿಯಾಗಿ ಒಣಗದ ಕಾಳಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಉಂಟಾಗುತ್ತದೆ. ಅದು ಯಕೃತ್ತನ್ನು ಕೆಡಿಸಿ ಬೆಳವಣಿಗೆಯನ್ನು ಕುಗ್ಗಿಸುವುದರಿಂದ ಕೊಳ್ಳುವಾಗಲೇ ತೇವಾಂಶ ಪರೀಕ್ಷಿಸುವುದು ಅಗತ್ಯ.