ಲೆಕ್ಕ ಒಪ್ಪಿಸದವನಿಗೆ ಓಲೆಯಿಲ್ಲ

ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರು ಇಂದು ಒಂದು ಸಣ್ಣ ಪಟ್ಟಣ. ಅಲ್ಲಿನ ವೈಕುಂಠಪೆರುಮಾಳ್ ದೇವಾಲಯದ ಗೋಡೆಯ ಮೇಲಿರುವ ಎರಡು ತಮಿಳು ಶಾಸನಗಳು ಅದರ ಹೆಸರನ್ನು ದೆಹಲಿಯವರೆಗೂ ಒಯ್ದಿವೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಗ್ರಾಮ ಪಂಚಾಯಿತಿಗಳ ಮಾತು ಬಂದಾಗ ಟಿ. ಪ್ರಕಾಶಂ ಈ ಶಾಸನವನ್ನು ನೆನಪಿಸಿದರು. 2020ರ ಡಿಸೆಂಬರ್‌ನಲ್ಲಿ ಹೊಸ ಸಂಸತ್ ಭವನದ ಶಂಕುಸ್ಥಾಪನೆಯ ಭಾಷಣದಲ್ಲಿ ಪ್ರಧಾನಿಯವರು ಬಸವಣ್ಣನವರ ಅನುಭವ ಮಂಟಪದ ಜೊತೆಗೆ ಇದನ್ನೂ ಸ್ಮರಿಸಿದರು. ಹೀಗೆ ಸ್ಮರಿಸುವಾಗಲೆಲ್ಲ ಎದ್ದು ನಿಲ್ಲುವುದು ಒಂದು ಮಣ್ಣಿನ ಕೊಡ: ಅದರೊಳಗೆ ಹೆಸರು ಬರೆದ ಓಲೆಗಳು, ಅದರೊಳಗೆ ಕೈಯಿಡುವ ಹುಡುಗ. ಚಿತ್ರ ಸೊಗಸಾಗಿದೆ, ಅದಕ್ಕೇ ನಮ್ಮ ಕಣ್ಣು ಅಲ್ಲಿಯೇ ನಿಂತುಬಿಡುತ್ತದೆ. ಶಾಸನವನ್ನು ಕೊನೆಯವರೆಗೆ ಓದಿದರೆ ಆ ಊರನ್ನು ನಡೆಸಿದ್ದು ಕೊಡಕ್ಕಿಂತ ಹೆಚ್ಚಾಗಿ ಲೆಕ್ಕವೆಂದು ಕಾಣುತ್ತದೆ. ನಿವಾಸಿಗಳ ಸಮಿತಿಗಳು ಅಲ್ಲಿ ನಿಂತದ್ದು ಪರಸ್ಪರ ವಿಶ್ವಾಸದ ಮೇಲಲ್ಲ, ಬಹಳ ಯೋಚಿಸಿ ಬರೆದಿಟ್ಟ ಅವಿಶ್ವಾಸದ ಮೇಲೆ.

ಉತ್ತರಮೇರೂರು ಎಂಟನೆಯ ಶತಮಾನದಲ್ಲಿ ಪಲ್ಲವ ಅರಸ ಎರಡನೆಯ ನಂದಿವರ್ಮನ ಕಾಲಕ್ಕೆ ಬ್ರಾಹ್ಮಣರಿಗೆ ಬಿಟ್ಟ ಊರು, ಅಂದರೆ ನಮ್ಮ ಕಡೆಯ ಅಗ್ರಹಾರ. ಹತ್ತನೆಯ ಶತಮಾನದ ಹೊತ್ತಿಗೆ ಅದು ಮೂವತ್ತು ಕುಡುಂಬುಗಳ, ಅಂದರೆ ಮೂವತ್ತು ವಾರ್ಡುಗಳ ದೊಡ್ಡ ನೆಲೆಯಾಗಿತ್ತು. ವೈರಮೇಘ ತಟಾಕವೆಂಬ ಕೆರೆ ಅದರ ಜೀವನಾಡಿ. ಊರ ಸಭೆ ಕೆಲಸವನ್ನು ವಾರಿಯಂ ಎಂಬ ಸಮಿತಿಗಳಿಗೆ ಹಂಚಿತ್ತು. ಒಟ್ಟು ಮೇಲ್ವಿಚಾರಣೆಗೆ ಹನ್ನೆರಡು ಜನರ ಸಂವತ್ಸರ ವಾರಿಯಂ, ತೋಟಗಳಿಗೆ ಹನ್ನೆರಡು ಜನ, ಕೆರೆಗೆ ಆರು ಜನ. ಚಿನ್ನದ ವ್ಯವಹಾರಕ್ಕೆ ಆರು, ಪಂಚವಾರ ವಾರಿಯಂ ಎಂಬ ಮತ್ತೊಂದು ಸಮಿತಿಗೆ ಇನ್ನಾರು. ಈ ಹಂಚಿಕೆಯಲ್ಲಿ ಗಮನಿಸಬೇಕಾದದ್ದೊಂದಿದೆ. ಸಮಿತಿಗಳು ಧ್ಯೇಯಗಳ ಸುತ್ತ ಹುಟ್ಟಿದವಲ್ಲ, ಕಣ್ಣಿಗೆ ಕಾಣುವ ಸ್ವತ್ತುಗಳ ಸುತ್ತ ಹುಟ್ಟಿದವು. ಕೆರೆಯಲ್ಲಿ ಹೂಳು ತುಂಬಿದರೆ ಕೇಳಬೇಕಾದ ಆರು ಮುಖಗಳು ಯಾವುವೆಂದು ಊರಿಗೆಲ್ಲ ಗೊತ್ತಿತ್ತು. ಅಭಿವೃದ್ಧಿ ಸಮಿತಿ, ಸಲಹಾ ಸಮಿತಿ ಎಂಬಂಥ ಹೆಸರುಗಳಲ್ಲಿ ಇಂಥ ಪ್ರಶ್ನೆಗೆ ಜಾಗವೇ ಇರುವುದಿಲ್ಲ.

ಇನ್ನು ಆಯ್ಕೆಯ ಕ್ರಮ. ಚೋಳ ಅರಸ ಒಂದನೆಯ ಪರಾಂತಕನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಅಂದರೆ ಸುಮಾರು 919ರಲ್ಲಿ, ಒಂದು ವ್ಯವಸ್ಥೆ ಬರೆಸಿದರು. ಎರಡೇ ವರ್ಷಕ್ಕೆ, 921ರಲ್ಲಿ, ಅದನ್ನು ತಿದ್ದಿ ಮತ್ತೆ ಕೆತ್ತಿಸಿದರು. ಎರಡನೆಯ ಶಾಸನದ ಪ್ರಕಾರ ಸಣ್ಣವರು ದೊಡ್ಡವರೆನ್ನದೆ ಸಭೆ ಪೂರ್ತಿ ಸೇರಬೇಕು. ಊರಿನಲ್ಲಿರುವ ಅರ್ಚಕರಲ್ಲಿ ಒಬ್ಬರೂ ತಪ್ಪದೆ ಮಂಟಪದಲ್ಲಿ ಕೂರಬೇಕು. ಅವರಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದು ಅರಿಯದ ಹುಡುಗ ಒಂದು ವಾರ್ಡಿನ ಓಲೆಗಳ ಕಟ್ಟನ್ನು ತೆಗೆಯಬೇಕು. ಅದನ್ನು ಬೇರೆ ಕೊಡಕ್ಕೆ ಹಾಕಿ ಕುಲುಕಿ, ಅದರಿಂದ ಒಂದು ಓಲೆ ತೆಗೆದು ಮಧ್ಯಸ್ಥನಿಗೆ ಕೊಡಬೇಕು. ಮಧ್ಯಸ್ಥ ಅದನ್ನು ಐದೂ ಬೆರಳು ಬಿಡಿಸಿದ ಅಂಗೈಯಲ್ಲಿ ತೆಗೆದುಕೊಳ್ಳಬೇಕು. ಅವನು ಓದಿದ ಹೆಸರನ್ನು ಅಲ್ಲಿರುವ ಅರ್ಚಕರೆಲ್ಲ ಮತ್ತೆ ಓದಬೇಕು. ಬಿಡಿಸಿದ ಬೆರಳಿನ ಮಾತು ಸುಮ್ಮನೆ ಬಂದದ್ದಲ್ಲ. ಮಡಚಿದ ಕೈಯೊಳಗೆ ಇನ್ನೊಂದು ಓಲೆ ಅಡಗಿರಬಹುದೆಂದು ಬಲ್ಲವರು ಬರೆದ ನಿಯಮವದು. ಅಲ್ಲಿ ಯಾರಾದರೂ ಹಿಂದೆ ಕೈಚಳಕ ತೋರಿಸಿದ್ದರೋ, ತೋರಿಸಬಹುದೆಂದು ಹೆದರಿದ್ದರೋ, ಎರಡೂ ಒಂದೇ ಪಾಠ ಹೇಳುತ್ತವೆ.

ಆದರೆ ಕೊಡಕ್ಕೆ ಓಲೆ ಬೀಳುವ ಮೊದಲೇ ಮುಖ್ಯವಾದ ಕೆಲಸ ಮುಗಿದಿರುತ್ತಿತ್ತು. ಹಿಂದಿನ ಮೂರು ವರ್ಷಗಳಲ್ಲಿ ಯಾವುದೇ ವಾರಿಯಂನಲ್ಲಿದ್ದವನ ಹೆಸರು ಬರೆಯುವಂತಿಲ್ಲ. ವಾರಿಯಂನಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರಂತೂ ಇಲ್ಲವೇ ಇಲ್ಲ. ಅವನದಷ್ಟೇ ಅಲ್ಲ, ಅವನ ನೆಂಟರದ್ದೂ ಇಲ್ಲ. 919ರಲ್ಲಿ ಆಗಷ್ಟೇ ಇಳಿದವರ ಹತ್ತಿರದ ಬಂಧುಗಳು ಕೂಡದು ಎಂದು ಸ್ಥೂಲವಾಗಿ ಹೇಳಿದ್ದರು. ಹತ್ತಿರವೆಂದರೆ ಎಷ್ಟು ಹತ್ತಿರ ಎಂಬ ತಕರಾರು ಎದ್ದಿರಬೇಕು. ಏಕೆಂದರೆ 921ರ ಶಾಸನ ಲೆಕ್ಕ ತಪ್ಪಿಸಿದವನ ತಂದೆ, ಮಗ, ಸೋದರಮಾವ, ಹೆಣ್ಣು ಕೊಟ್ಟ ಮಾವ, ಅಳಿಯ, ಹೆಂಡತಿಯ ಅಣ್ಣತಮ್ಮಂದಿರು, ಅಕ್ಕತಂಗಿಯರ ಗಂಡ, ಅವರ ಮಕ್ಕಳು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಎಂದು ಒಬ್ಬೊಬ್ಬರನ್ನೇ ಎಣಿಸಿ ಹೊರಗಿಡುತ್ತದೆ. ಹಣ ನುಂಗಿದವನು ತಾನು ಹಿಂದೆ ಸರಿದು ಭಾವಮೈದುನನನ್ನು ಮುಂದೆ ಬಿಡುವ ದಾರಿಯನ್ನು ಇದಕ್ಕಿಂತ ಬಿಗಿಯಾಗಿ ಮುಚ್ಚುವುದು ಕಷ್ಟ. ಸಮಿತಿಯ ಅವಧಿ 360 ದಿನ. ನಡುವೆ ತಪ್ಪು ಸಾಬೀತಾದರೆ ಅವಧಿ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಕೂಡಲೇ ತೆಗೆಯಬಹುದು. ಕರಣಿಕನಿಗೂ ಇದೇ ಬಿಗಿ: ತಾನು ಬರೆದ ಲೆಕ್ಕವನ್ನು ತಾನೇ ಒಪ್ಪಿಸಬೇಕು, ಅವನ ಪುಸ್ತಕವನ್ನು ಇನ್ನೊಬ್ಬ ಬಂದು ಮುಗಿಸುವಂತಿಲ್ಲ.

ಚೀಟಿ ಎತ್ತಿ ಆರಿಸಿದರೆ ದಡ್ಡರ ಕೈಗೆ ಕೆರೆ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಶಾಸನಕಾರರಿಗೂ ಈ ಭಯವಿತ್ತು. ಕಾಲು ವೇಲಿಗಿಂತ (ವೇಲಿ ಎಂದರೆ ಭೂಮಿಯ ಒಂದು ಅಳತೆ) ಹೆಚ್ಚು ವಿಸ್ತೀರ್ಣದ, ತೆರಿಗೆ ತೆರುವ ಭೂಮಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ, ವೇದಜ್ಞಾನ, ಮೂವತ್ತೈದಕ್ಕೆ ಮೇಲೆ ಎಪ್ಪತ್ತಕ್ಕೆ ಒಳಗಿನ ವಯಸ್ಸು ಇವೆಲ್ಲ ಇದ್ದವರ ಹೆಸರಷ್ಟೇ ಕೊಡದೊಳಗೆ ಹೋಗುತ್ತಿತ್ತು. ಮೊದಲು ಮೂವತ್ತರಿಂದ ಅರವತ್ತು ಎಂದಿದ್ದ ವಯಸ್ಸನ್ನು ಮೇಲಕ್ಕೆ ಸರಿಸಿದ್ದು ಎರಡನೆಯ ಶಾಸನವೇ. ಹೆಚ್ಚು ಓದಿದವನಿಗೆ ಭೂಮಿಯ ಅಳತೆಯಲ್ಲಿ ಅರ್ಧದಷ್ಟು ರಿಯಾಯಿತಿಯೂ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸಂವತ್ಸರ ವಾರಿಯಂಗೆ ತೆಗೆದುಕೊಳ್ಳುತ್ತಿದ್ದದ್ದು ಹಿಂದೆ ತೋಟ ಮತ್ತು ಕೆರೆಯ ಕೆಲಸ ಮಾಡಿದ್ದವರನ್ನು. ಅದೃಷ್ಟಕ್ಕೆ ಬಿಟ್ಟದ್ದು ಅರ್ಹರ ನಡುವಿನ ಆಯ್ಕೆಯನ್ನು ಮಾತ್ರ. ಅರ್ಹತೆಯನ್ನು ಅದೃಷ್ಟಕ್ಕೆ ಬಿಟ್ಟಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಆ ಮಂಟಪದಲ್ಲಿ ಕುಳಿತವರು ಭೂಮಿಯುಳ್ಳ ಬ್ರಾಹ್ಮಣ ಗಂಡಸರು. ಆ ಭೂಮಿಯನ್ನು ಉತ್ತವರ, ಆ ಮನೆಗಳಲ್ಲಿ ದುಡಿದ ಹೆಂಗಸರ ಹೆಸರು ಬರೆದ ಓಲೆ ಎಂದೂ ಇರಲಿಲ್ಲ. ಇದನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ಆ ಪದಕ್ಕೂ ಉತ್ತರಮೇರೂರಿಗೂ ಮಾಡುವ ಅನ್ಯಾಯ. ಹಳ್ಳಿಯ ಹಿರಿಮೆಯನ್ನು ಹಾಡುವವರಿಗೆ ಅಂಬೇಡ್ಕರ್ ಅದೇ 1948ರಲ್ಲಿ ಕೊಟ್ಟ ಖಾರವಾದ ಉತ್ತರ ಇಲ್ಲಿಗೂ ಸಲ್ಲುತ್ತದೆ. ಚಿನ್ನದ ಗುಣ ಪರೀಕ್ಷಿಸುವ ಕೆಲಸಕ್ಕೆ ಅಂಗಡಿಬೀದಿಯವರನ್ನೂ ಸೇನೆಯವರನ್ನೂ ನೇಮಿಸಿದ ಇನ್ನೊಂದು ಶಾಸನ ಅದೇ ಊರಿನಲ್ಲಿದೆ, ನಿಜ. ಅದು ನೈಪುಣ್ಯಕ್ಕೆ ಕೊಟ್ಟ ಜಾಗ, ಹಕ್ಕಿಗೆ ಕೊಟ್ಟದ್ದಲ್ಲ. ಇಷ್ಟನ್ನು ಒಪ್ಪಿದ ಮೇಲೆ ನನಗೆ ಉಳಿಯುವ ಪ್ರಶ್ನೆ ಇನ್ನೊಂದು. ಒಂದೇ ಜಾತಿ, ಒಂದೇ ವಿದ್ಯೆ, ಒಬ್ಬರಿಗೊಬ್ಬರು ಬೀಗರು. ಅಂಥವರೇ ತಮ್ಮತಮ್ಮಲ್ಲಿ ಇಷ್ಟು ಕಾವಲು ಬೇಕೆಂದು ಕಂಡುಕೊಂಡಿದ್ದರೆ, ಬೇರೆ ಬೇರೆ ಹಿತಗಳು ಕೂಡುವ ಇಂದಿನ ಪಟ್ಟಣಕ್ಕೆ ಅದು ಕಡಿಮೆ ಬೇಕೋ, ಹೆಚ್ಚು ಬೇಕೋ?

ಎಲ್ಲವೂ ಅರಸನ ಆಜ್ಞೆ, ಊರಿನದೇನೂ ಇಲ್ಲ ಎನ್ನುವವರೂ ಇದ್ದಾರೆ. ಎರಡೂ ಬಾರಿ ಅರಸನ ಅಧಿಕಾರಿ ಸಭೆಯಲ್ಲಿ ಕುಳಿತಿದ್ದ, ಆಜ್ಞೆಯೂ ಬಂದಿತ್ತು ಎಂದು ಶಾಸನವೇ ಹೇಳುತ್ತದೆ. ಆದರೆ ಅರಸು ಬದಲಾದಾಗ ಏನಾಯಿತೆಂದು ನೋಡಬೇಕು. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಇದೇ ಪರಾಂತಕನ ಮಗ ರಾಜಾದಿತ್ಯ ಸತ್ತ. ಮಂಡ್ಯ ಜಿಲ್ಲೆಯ ಆತಕೂರು ಶಾಸನದಲ್ಲಿ ಗಂಗ ಅರಸ ಬೂತುಗನ ಹೆಸರಿನೊಂದಿಗೆ ನಾವು ಓದುವ ಕಾಳಗವದು. ಆಮೇಲೆ ಆ ಸೀಮೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಗೆ ಬಂತು. ಅವನ ಹೆಸರಿನ ಶಾಸನಗಳೂ ಉತ್ತರಮೇರೂರಿನಲ್ಲಿವೆ, ಸಭೆಯ ಕೆಲಸ ನಿಂತುಹೋಗಿರಲಿಲ್ಲ. ಆಜ್ಞೆ ಕೊಟ್ಟವನ ವಂಶ ಸೋತ ಮೇಲೂ ಉಳಿದದ್ದನ್ನು ಬರೀ ಆಜ್ಞೆಯೆನ್ನಲಾಗದು. ಇಲ್ಲೇ ಕನ್ನಡ ನಾಡಿನ ರೂಢಿಯನ್ನು ಪಕ್ಕದಲ್ಲಿಟ್ಟು ನೋಡಬಹುದು. ನಮ್ಮ ಶಾಸನಗಳಲ್ಲಿ ಲಕ್ಕುಂಡಿಯ ಸಾಸಿರ್ವರಂಥ ಮಹಾಜನರು ಬರುತ್ತಾರೆ, ದಾನ ಪಡೆಯುತ್ತಾರೆ, ಕಾಪಾಡುತ್ತಾರೆ. ಕೆರೆಯನ್ನು ನಾವು ಹೆಚ್ಚಾಗಿ ಬಿತ್ತುವಟ್ಟ, ಕೆರೆಗೊಡಗೆಗಳಿಂದ, ಅಂದರೆ ಕೆರೆಯ ಹೆಸರಿಗೇ ಬಿಟ್ಟ ಭೂಮಿಯಿಂದ ಉಳಿಸಿಕೊಂಡೆವು. ಆ ವ್ಯವಸ್ಥೆಗೆ ತಲೆಮಾರಿನ ಬಾಳಿಕೆಯಿತ್ತು. ವರ್ಷ ವರ್ಷ ಆಳು ಬದಲಿಸಿ ಲೆಕ್ಕ ಕೇಳುವ ಏರ್ಪಾಡು ಅದರಲ್ಲಿರಲಿಲ್ಲ.

ಗೋಡೆಯ ಮೇಲೆ ಬರೆದದ್ದೆಲ್ಲ ನಡೆಯಿತೆಂದು ನಂಬುವುದು ಹೇಗೆ ಎಂಬ ಸಂದೇಹ ಇತಿಹಾಸಕಾರರಿಗೆ ಸಹಜ. ಪ್ರತಿವರ್ಷ ಕೊಡ ಎತ್ತಿದರೆಂದು ತೋರಿಸುವ ದಾಖಲೆಯಿಲ್ಲ. ಆದರೆ ಎರಡೇ ವರ್ಷಕ್ಕೆ ತಿದ್ದುಪಡಿ ಬಂದದ್ದೇ ಒಂದು ದಾಖಲೆ. ಕಾಗದದಲ್ಲೇ ಮಲಗಿದ ಕಾನೂನನ್ನು ಯಾರೂ ಅಷ್ಟು ಬೇಗ ಕಲ್ಲಿನಲ್ಲಿ ಮತ್ತೆ ಕೆತ್ತಿಸುವುದಿಲ್ಲ. ನಮ್ಮ ಕಾಲದ ಕಾನೂನನ್ನು ಇದರ ಎದುರಿಗಿಟ್ಟರೆ ವ್ಯತ್ಯಾಸ ಕುತೂಹಲದ್ದು. 74ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ವಾರ್ಡ್ ಸಮಿತಿಗಳು ಕಡ್ಡಾಯವಾಗುವುದು ಮೂರು ಲಕ್ಷ ಇಲ್ಲವೇ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಕ್ಕೆ ಮಾತ್ರ, ಸಣ್ಣ ಪಟ್ಟಣಕ್ಕಲ್ಲ. ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಆ ಸಮಿತಿಗೆ ಪಾಲಿಕೆ ಸದಸ್ಯರೇ ಅಧ್ಯಕ್ಷರು, ಉಳಿದವರು ನಾಮನಿರ್ದೇಶಿತರು. ಅವರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಜಾಗ ಮೀಸಲಿದೆ. ಉತ್ತರಮೇರೂರು ಮುಚ್ಚಿದ್ದ ಬಾಗಿಲನ್ನು ನಾವು ತೆರೆದಿದ್ದೇವೆ, ಅದು ಸಣ್ಣ ಸಾಧನೆಯಲ್ಲ. ಆದರೆ ಹೆಸರು ಸೂಚಿಸುವ ಕೈ ಯಾರದೆಂಬ ಪ್ರಶ್ನೆಯನ್ನು ಅವರು ಹುಡುಗನ ಕೈಗೆ ಕೊಟ್ಟು ಮುಗಿಸಿದ್ದರು. ನಾವು ಅದನ್ನು ಯಾರ ಕೆಲಸವನ್ನು ಸಮಿತಿ ನೋಡಬೇಕೋ ಅವರ ಕೈಗೇ ಬಿಟ್ಟಿದ್ದೇವೆ.