ರಸ್ತೆ ಸೈಕಲ್ಲಿನ ಆಕಾರ: ಭೌತವಿಜ್ಞಾನ ಎಷ್ಟು, ನಿಯಮಪುಸ್ತಕ ಎಷ್ಟು?

ನಲವತ್ತು-ಐವತ್ತರ ವಯಸ್ಸಿನಲ್ಲಿ ಮತ್ತೆ ಸೈಕಲ್ ಹತ್ತುವ ಅನೇಕರನ್ನು ಇಂದು ನಮ್ಮ ನಗರಗಳಲ್ಲಿ ಕಾಣುತ್ತೇವೆ. ಅವರು ಹುಡುಕುವುದು ಹಾಲು, ತರಕಾರಿ ತರುವ ಸೈಕಲ್ಲಲ್ಲ. ಭಾನುವಾರ ಬೆಳಗ್ಗೆ ಐವತ್ತು ಕಿಲೋಮೀಟರು ಹೋಗಿಬರಬಲ್ಲ ‘ರೋಡ್ ಬೈಕ್’. ಅಂಗಡಿಗೆ ಹೋದರೆ ಬಾಗಿದ ಹ್ಯಾಂಡಲ್, ಸಪೂರ ಟೈರು, ಇಪ್ಪತ್ತಕ್ಕೂ ಹೆಚ್ಚು ಗೇರು, ಕಾರ್ಬನ್ ಚೌಕಟ್ಟು ಎಂದು ವಿವರಣೆ ಸಿಗುತ್ತದೆ. ಬೆಲೆ ಕೆಲವೊಮ್ಮೆ ಮೋಟಾರ್ ಸೈಕಲ್ಲಿನ ಬೆಲೆಯನ್ನೂ ಮೀರುತ್ತದೆ. ಇವುಗಳಲ್ಲಿ ನಮಗೆ ಬೇಕಾದದ್ದು ಯಾವುದು? ಆ ಭಾಗಗಳ ಇತಿಹಾಸವನ್ನು ತಿಳಿದರೆ ಉತ್ತರ ಸುಲಭವಾಗುತ್ತದೆ. ಏಕೆಂದರೆ ಪ್ರತಿಯೊಂದು ಭಾಗವೂ ಒಂದು ಕಾಲದ ತೊಂದರೆಗೆ ಯಾರೋ ಕಂಡುಕೊಂಡ ಪರಿಹಾರ. ಆ ತೊಂದರೆ ನಮಗೂ ಇದೆಯೇ ಎಂಬುದನ್ನಷ್ಟೇ ನಾವು ನೋಡಬೇಕು.

ದೊಡ್ಡ ಚಕ್ರದ ತರ್ಕ

1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ತನ್ನ ‘ಓಡುವ ಯಂತ್ರ’ವನ್ನು ಹತ್ತಿದ. ಒಂದರ ಹಿಂದೊಂದು ಎರಡು ಮರದ ಚಕ್ರ, ನಡುವೆ ಆಸನ. ಪೆಡಲ್ ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರದ ಅಚ್ಚಿಗೇ ಪೆಡಲ್ ಜೋಡಿಸಿದ ಸೈಕಲ್ಲುಗಳು ಬಂದವು. ಆಗ ಹೊಸದೊಂದು ಮಿತಿ ಎದುರಾಯಿತು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುತ್ತದೆ. ವೇಗ ಹೆಚ್ಚಬೇಕಾದರೆ ಚಕ್ರದ ಪರಿಧಿ ಹೆಚ್ಚಬೇಕು. ಹೀಗೆ 1870ರ ದಶಕದಲ್ಲಿ ಆಳೆತ್ತರದ ಮುಂಚಕ್ರದ ಸೈಕಲ್ ಹುಟ್ಟಿತು. 54 ಅಂಗುಲ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 4.3 ಮೀಟರ್ ಸಾಗುತ್ತದೆ. ಸವಾರನ ಕಾಲಿನ ಉದ್ದವೇ ಚಕ್ರದ ಗಾತ್ರಕ್ಕೆ ಮಿತಿ. ಸೈಕಲ್ ಕೊಳ್ಳುವುದೆಂದರೆ ಕಾಲಿನ ಅಳತೆ ಕೊಡುವುದೇ ಆಗಿತ್ತು.

ಇದೇ ಬಗೆಯ ಸೈಕಲ್ಲಿನಲ್ಲಿ ಥಾಮಸ್ ಸ್ಟೀವನ್ಸ್ 1884ರಿಂದ 1886ರವರೆಗೆ ಪ್ರಪಂಚ ಸುತ್ತಿದ. ನಮ್ಮ ಉಪಖಂಡದಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಸವಾರಿ ಮಾಡಿದ. ಆದರೆ ಸವಾರನ ಗುರುತ್ವಕೇಂದ್ರ ಮುಂಚಕ್ರದ ಅಚ್ಚಿನ ಮೇಲೆಯೇ ಹೆಚ್ಚುಕಡಿಮೆ ಇರುತ್ತಿದ್ದುದರಿಂದ ಒಂದು ಕಲ್ಲು ತಗುಲಿದರೂ ತಲೆಕೆಳಗಾಗಿ ಬೀಳುವ ಭಯವಿತ್ತು.

ಚೈನು ಮತ್ತು ಗಾಳಿ

1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನು ಈ ಗಂಟನ್ನು ಬಿಡಿಸಲು ನೆರವಾಯಿತು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ಲನ್ನು ಹೊರತಂದ. ಅದರಲ್ಲಿ ಚೈನು ಹಿಂಚಕ್ರವನ್ನು ತಿರುಗಿಸುತ್ತಿತ್ತು. ಈಗ ವೇಗವನ್ನು ನಿರ್ಧರಿಸುವುದು ಚಕ್ರದ ಗಾತ್ರವೊಂದೇ ಅಲ್ಲ, ಹಲ್ಲುಗಳ ಅನುಪಾತ ಕೂಡ. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ 2.2 ಮೀಟರ್ ಪರಿಧಿಯ ಚಕ್ರ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ಆಳೆತ್ತರದ ಚಕ್ರದ ಅಗತ್ಯವೇ ಇಲ್ಲವಾಯಿತು.

ಚಿಕ್ಕ ಚಕ್ರಕ್ಕೆ ಒಂದು ಕೊರತೆಯಿತ್ತು: ರಸ್ತೆಯ ಉಬ್ಬುತಗ್ಗು ಅದಕ್ಕೆ ಹೆಚ್ಚು ತಟ್ಟುತ್ತದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರೂಪಿಸಿದ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಈ ಕಲ್ಪನೆಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಹಾಗಾಗಿ ಡನ್‌ಲಪ್‌ನ ಪೇಟೆಂಟ್ ಮುಂದೆ ಉಳಿಯಲಿಲ್ಲ. ಆದರೆ 1889ರಲ್ಲಿ ಇಂಥ ಟೈರು ಹಾಕಿಕೊಂಡ ವಿಲ್ಲಿ ಹ್ಯೂಮ್ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದಾಗ, ಸುಖಕ್ಕೆಂದು ಬಂದ ಟೈರು ವೇಗಕ್ಕೂ ನೆರವಾಗುತ್ತದೆ ಎಂಬುದು ಎಲ್ಲರಿಗೂ ತಿಳಿಯಿತು. ಗಟ್ಟಿ ರಬ್ಬರಿನ ಚಕ್ರ ಉಬ್ಬು ಬಂದಾಗಲೆಲ್ಲ ಸೈಕಲ್ಲನ್ನೂ ಸವಾರನನ್ನೂ ಎತ್ತಿಹಾಕುತ್ತದೆ. ಆ ಶಕ್ತಿ ವ್ಯರ್ಥ. ಗಾಳಿಯ ಟೈರು ತಾನೇ ತುಸು ತಗ್ಗಿ, ಮತ್ತೆ ಉಬ್ಬಿ, ಆ ಶಕ್ತಿಯ ಬಹುಭಾಗವನ್ನು ಮರಳಿಸುತ್ತದೆ.

ಗೇರಿಗೆ ನಿಷೇಧ

1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್ ತಾನೇ ಒಬ್ಬ ಸೈಕಲ್ ಪಟು. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿ.ಮೀ. ಕ್ರಮಿಸಿ ದಾಖಲೆ ಮಾಡಿದ್ದವನು. ಗೇರು ಬದಲಿಸುವ ಸಾಧನವೆಂದರೆ ಅವನಿಗೆ ಅಸಮಾಧಾನ. ಅದು ನಲವತ್ತೈದು ದಾಟಿದವರಿಗಷ್ಟೇ ಸರಿ ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಪಂದ್ಯ ಸ್ನಾಯುಬಲದ ಪರೀಕ್ಷೆಯಾಗಬೇಕೇ ಹೊರತು ಯಂತ್ರದ್ದಲ್ಲ ಎಂಬುದು ಅವನ ವಾದ. ಆದ್ದರಿಂದ ವೃತ್ತಿಪರ ಸವಾರರು ಹಿಂಚಕ್ರದ ಎರಡು ಬದಿಗೂ ಬೇರೆ ಬೇರೆ ಗಾತ್ರದ ಹಲ್ಲುಚಕ್ರ ಹಾಕಿಸಿ, ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ ತಿರುಗಿಸಿ ಮತ್ತೆ ಜೋಡಿಸಿಕೊಳ್ಳುತ್ತಿದ್ದರು. ಟೂರ್ ಪಂದ್ಯದಲ್ಲಿ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಅದೇ ಫ್ರಾನ್ಸಿನ ಸೇಂಟ್ ಎಟಿಯೆನ್ ನಗರದಲ್ಲಿ ಪಾಲ್ ದ ವಿವಿ ಎಂಬಾತ 1887ರಿಂದ ಸೈಕಲ್ ಪತ್ರಿಕೆಯೊಂದನ್ನು ನಡೆಸುತ್ತ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತ, ಹಲವು ಗೇರುಗಳ ಪರವಾಗಿ ದಶಕಗಳ ಕಾಲ ವಾದಿಸಿದ. ಅವನ ಓದುಗರು ಪಂದ್ಯದವರಲ್ಲ, ಬೆಟ್ಟಗುಡ್ಡ ಸುತ್ತುವ ಪ್ರವಾಸಿಗರು.

ಯಾರು ಸರಿ? ಲೆಕ್ಕ ಹಾಕೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿ.ಗ್ರಾಂ. ಇರಲಿ. ನೂರು ಮೀಟರಿಗೆ 6 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಸಾಗಲು, ಏರಿಕೆಗೇ ಸುಮಾರು 157 ವಾಟ್ ಸಾಮರ್ಥ್ಯ ಬೇಕು. ಗೇರು ಯಾವುದಿದ್ದರೂ ಇದು ಬದಲಾಗದು. ಆದರೆ ಮುಂದೆ 42, ಹಿಂದೆ 21 ಹಲ್ಲಿನ ಗೇರಿನಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 48 ಸುತ್ತು ತಿರುಗಿದರೆ, ಮುಂದೆ 34, ಹಿಂದೆ 32 ಹಲ್ಲಿನದರಲ್ಲಿ ಸುಮಾರು 90 ಸುತ್ತು ತಿರುಗುತ್ತದೆ. ಸಾಮರ್ಥ್ಯ ಒಂದೇ ಆದ್ದರಿಂದ ಎರಡನೆಯದರಲ್ಲಿ ಪಾದ ಒತ್ತಬೇಕಾದ ಬಲ ಹೆಚ್ಚುಕಡಿಮೆ ಅರ್ಧ. ಮೊಣಕಾಲಿಗೆ ಈ ಅರ್ಧವೇ ಮುಖ್ಯ. ದೆಗ್ರಾಂಜ್ ಹಾಸ್ಯಕ್ಕೆಂದು ಆಡಿದ್ದಿರಬಹುದು. ಐವತ್ತು ದಾಟಿದ ನನ್ನಂಥವರಿಗೆ ಅದು ಒಳ್ಳೆಯ ಸಲಹೆಯೇ!

ನಿಯಮ ಕೊಟ್ಟ ಆಕಾರ

ವೇಗ ಹೆಚ್ಚಿದಂತೆ ಮುಖ್ಯ ಶತ್ರು ಗಾಳಿ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ನೆಟ್ಟಗೆ ಕುಳಿತವರಿಗೆ ಅಂದಾಜು 170 ವಾಟ್ ಬೇಕಾದರೆ, ಬಾಗಿ ಕುಳಿತವರಿಗೆ 110 ಸಾಕು. ಬಾಗಿದ ಹ್ಯಾಂಡಲಿಗೆ ಇದೇ ಸಮರ್ಥನೆ. ಆದರೆ 15 ಕಿ.ಮೀ. ವೇಗದಲ್ಲಿ ಈ ಅಂಕಿಗಳು ಎಂಟನೇ ಒಂದು ಭಾಗಕ್ಕೆ ಇಳಿಯುತ್ತವೆ. ಉಳಿತಾಯ ಏಳೆಂಟು ವಾಟ್ ಮಾತ್ರ.

ಗಾಳಿಯನ್ನು ಗೆಲ್ಲುವುದಷ್ಟೇ ಗುರಿಯಾದರೆ ಒರಗಿ ಮಲಗಿಯೇ ತುಳಿಯಬಹುದು. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೇ ದರ್ಜೆಯ ಸವಾರ, ಚಾರ್ಲ್ಸ್ ಮೊಷೆ ನಿರ್ಮಿಸಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿ.ಮೀ. ಸಾಗಿ, ಆಸ್ಕರ್ ಎಗ್ 1914ರಲ್ಲಿ ಸ್ಥಾಪಿಸಿದ್ದ 44.247 ಕಿ.ಮೀ. ದಾಖಲೆಯನ್ನು ಮುರಿದ. ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆ 1934ರಲ್ಲಿ ಪಂದ್ಯದ ಸೈಕಲ್ ಹೇಗಿರಬೇಕೆಂಬ ವ್ಯಾಖ್ಯೆಯನ್ನೇ ಬಿಗಿಗೊಳಿಸಿ ಅದನ್ನು ಹೊರಗಿಟ್ಟಿತು. ಇಂದಿನ ರಸ್ತೆ ಸೈಕಲ್ಲಿನ ರೂಪ ಭೌತವಿಜ್ಞಾನದ ಕೊನೆಯ ಮಾತಲ್ಲ. ನಿಯಮದ ಬೇಲಿಯೊಳಗೆ ಬೆಳೆದದ್ದು ಎಂಬುದಕ್ಕೆ ಇದು ಸಾಕ್ಷಿ. ಅದೇ ಸಂಸ್ಥೆ 2000ದಿಂದ ಪಂದ್ಯದ ಸೈಕಲ್ 6.8 ಕಿ.ಗ್ರಾಂ.ಗಿಂತ ಹಗುರವಿರಬಾರದೆಂದೂ ವಿಧಿಸಿತು. ರಸ್ತೆ ಪಂದ್ಯಗಳಲ್ಲಿ ಡಿಸ್ಕ್ ಬ್ರೇಕ್ ಪ್ರಯೋಗದ ಹಂತ ದಾಟಿ ಪೂರ್ಣ ಒಪ್ಪಿಗೆ ಪಡೆದದ್ದು 2018ರಲ್ಲಿ.

ಕೊಳ್ಳುವವರಿಗೆ ಏನು ಪಾಠ?

ಮೊದಲನೆಯದು, ಅಳತೆ. ಆಳೆತ್ತರದ ಚಕ್ರದ ಕಾಲದಂತೆ ಈಗಲೂ ಸೈಕಲ್ ಸವಾರನ ಮೈಗೆ ಹೊಂದಬೇಕು. ಪೆಡಲ್ ಕೆಳತುದಿಯಲ್ಲಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ. ಮೊದಲ ಸಲ ಕೊಳ್ಳುವವರಿಗೆ ಹ್ಯಾಂಡಲ್ ತುಸು ಎತ್ತರವಿರುವ ಚೌಕಟ್ಟು ಲೇಸು. ಬಗ್ಗಲಾಗದವರಿಗೆ ಬಾಗಿದ ಹ್ಯಾಂಡಲ್ ಇದ್ದೂ ಪ್ರಯೋಜನವಿಲ್ಲ.

ಎರಡನೆಯದು, ಹಗುರ ಗೇರು. ಎಷ್ಟು ಗೇರುಗಳಿವೆ ಎಂಬುದಕ್ಕಿಂತ ಅತಿ ಹಗುರವಾದದ್ದು ಯಾವುದೆಂದು ಕೇಳಿ. ಮುಂದಿನ ಸಣ್ಣ ಹಲ್ಲುಚಕ್ರ 34, ಹಿಂದಿನ ದೊಡ್ಡದು 32 ಅಥವಾ 34 ಹಲ್ಲಿನದಾದರೆ ನಂದಿಬೆಟ್ಟದಂಥ ಏರಿಗೂ ಅನುಕೂಲ.

ಮೂರನೆಯದು, ಟೈರು. ಬಹುಕಾಲ 23 ಮಿ.ಮೀ. ಅಥವಾ ಇನ್ನೂ ಸಪೂರವಾದ, ಕಲ್ಲಿನಷ್ಟು ಗಟ್ಟಿ ಗಾಳಿಯ ಟೈರೇ ವೇಗವೆಂಬ ನಂಬಿಕೆಯಿತ್ತು. ಈಗ ಪಂದ್ಯದವರೂ 28 ಮಿ.ಮೀ. ಆಸುಪಾಸಿಗೆ ಬಂದಿದ್ದಾರೆ. ನಮ್ಮ ರಸ್ತೆಗಳಿಗೆ 28ರಿಂದ 32 ಸೂಕ್ತ. ಡನ್‌ಲಪ್‌ನ ಪಾಠವನ್ನೇ ಮತ್ತೆ ಕಲಿತಂತಾಯಿತು.

ಕೊನೆಯದು, ತೂಕ. ಏರಿನಲ್ಲಿ 80ರಲ್ಲಿ 1 ಕಿ.ಗ್ರಾಂ. ಇಳಿಸಿದರೆ ಲಾಭ ಶೇಕಡಾ 1.25, ಒಂದು ಗಂಟೆಯ ಏರಿಗೆ ಮುಕ್ಕಾಲು ನಿಮಿಷ. ಅದಕ್ಕೆ ಎಷ್ಟು ಹಣ ಕೊಡಬಹುದೆಂದು ಪ್ರತಿಯೊಬ್ಬರೂ ತಾವೇ ನಿರ್ಧರಿಸಬಹುದು.

ಶಿಕ್ಷಕರು ಇದನ್ನು ತರಗತಿಯಲ್ಲಿಯೂ ಬಳಸಬಹುದು. ಶಾಲೆಯಲ್ಲಿ ನಿಂತಿರುವ ಯಾವುದೇ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಹಲ್ಲುಗಳನ್ನು ಮಕ್ಕಳಿಂದ ಎಣಿಸಿ, ಪೆಡಲ್ ಒಂದು ಸುತ್ತು ತಿರುಗಿದಾಗ ಸಾಗುವ ದೂರವನ್ನು ಮೊದಲು ಲೆಕ್ಕ ಹಾಕಿಸಿ. ಆಮೇಲೆ ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಮಾಡಿ, ಟೇಪಿನಿಂದ ಅಳೆದು ನೋಡಲಿ.