ಸಕ್ಕರೆಯ ನಾಡಿನಲ್ಲಿ ಮಂಜಾದ ಕಣ್ಣು

ಸೋವಿಯತ್ ಒಕ್ಕೂಟ 1991ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು ಎಂಬುದನ್ನು ನಾವು ಉಪಾಧ್ಯಾಯರು ಒಂದು ಅಂಕದ ಪ್ರಶ್ನೆಯಾಗಿ ಕೇಳಿ ಮುಗಿಸುತ್ತೇವೆ. ಆದರೆ ಆ ಕುಸಿತದ ಬಿಸಿ ದೂರದ ಕ್ಯೂಬಾ ದ್ವೀಪದ ಜನರ ಕಣ್ಣಿಗೂ ಕಾಲಿಗೂ ತಟ್ಟಿತೆಂಬುದು ಪಠ್ಯದಲ್ಲಿಲ್ಲ. ಆ ಕಥೆ ಹೇಳದೆ ನಾನು ಮುಂದಿನ ಪಾಠಕ್ಕೆ ಹೋಗುವುದಿಲ್ಲ.

ಕ್ಯೂಬಾ ತನ್ನ ಸಕ್ಕರೆಯನ್ನು ಸೋವಿಯತ್ ದೇಶಕ್ಕೆ ಮಾರಿ ತೈಲ, ಧಾನ್ಯಗಳನ್ನು ತರಿಸಿಕೊಳ್ಳುತ್ತಿತ್ತು. ಅಮೆರಿಕದ ವ್ಯಾಪಾರ ನಿರ್ಬಂಧ ಮೊದಲೇ ಇತ್ತು. ಒಕ್ಕೂಟವೂ ಕುಸಿದಾಗ ಮಾಂಸ, ಹಾಲು, ಮೊಟ್ಟೆ ಅಪರೂಪವಾದವು. ಬಸ್ಸುಗಳಿಗೆ ಇಂಧನವಿಲ್ಲದೆ ಜನ ಸೈಕಲ್ ತುಳಿದರು. ಮೈಗೆ ದುಡಿಮೆ ಹೆಚ್ಚಿತು, ಊಟ ಇಳಿಯಿತು.

1991ರ ಕೊನೆಗೆ ಹೊಗೆಸೊಪ್ಪು ಬೆಳೆಯುವ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಕೆಲವರ ದೃಷ್ಟಿ ಮಂಜಾಯಿತು. ನೋಟದ ನಟ್ಟನಡುವೆ ಮಸುಕು, ಬಣ್ಣಗಳ ಗುರುತು ಸಿಗದು. ಮುಂದೆ ಅಂಗಾಲುರಿ, ಜೋಮು ಕಾಣಿಸಿದವು. ವೈರಾಣುವೋ ವಿಷವೋ ಎಂದು ವೈದ್ಯರು ಹುಡುಕಿದರು. 1993ರ ಹೊತ್ತಿಗೆ ರೋಗಿಗಳು 50,000 ದಾಟಿದರು. ಮೂಲದಲ್ಲಿದ್ದುದು ಬಿ ಗುಂಪಿನ ಜೀವಸತ್ವಗಳ ಕೊರತೆ. ಧೂಮಪಾನ, ಮದ್ಯಪಾನ ಅದನ್ನು ಉಲ್ಬಣಗೊಳಿಸಿದ್ದವು.

"ಸಕ್ಕರೆ ಇತ್ತಲ್ಲ ಟೀಚರ್, ಶಕ್ತಿ ಬರಲಿಲ್ವೆ?" ಎಂದು ಒಬ್ಬ ಹುಡುಗಿ ಕೇಳಿದಳು. ಸಕ್ಕರೆ ಸೌದೆಯಿದ್ದಂತೆ, ಅದು ಉರಿಯಲು ಬಿ1 ಎಂಬ ಕಿಡಿ ಬೇಕು ಎಂದೆ. ಸಕ್ಕರೆ ಹೆಚ್ಚಿದಷ್ಟೂ ಬಿ1 ಹೆಚ್ಚು ಬೇಕು. ಅದು ಸಾಲದಾದಾಗ ಬಿಡುವಿಲ್ಲದೆ ದುಡಿಯುವ ಕಣ್ಣಿನ ನರ, ಪಾದದವರೆಗೆ ಚಾಚಿದ ಉದ್ದನೆಯ ನರ ಸೋಲುತ್ತವೆ. ಹೊಟ್ಟೆ ತುಂಬಿದ್ದರೂ ನರ ಹಸಿದಿರಬಹುದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮಕ್ಕಳು, ಗರ್ಭಿಣಿಯರು, ಮುದುಕರು ಬಹುಮಟ್ಟಿಗೆ ಪಾರಾದರು. ಅಷ್ಟು ಕೊರತೆಯಲ್ಲೂ ಪಡಿತರದಲ್ಲಿ ಅವರ ಪಾಲನ್ನು ಕಾಯ್ದಿರಿಸಿದ್ದರು. ನೋಟ ಕಳೆದುಕೊಂಡವರು ದುಡಿಯುವ ವಯಸ್ಸಿನವರು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಉಣ್ಣುವ ನಮ್ಮ ತಾಯಂದಿರು ಆಗ ನೆನಪಾಗುತ್ತಾರೆ.

1993ರಲ್ಲಿ ಸರಕಾರ ಸುಮಾರು 1.1 ಕೋಟಿ ಜನರಿಗೂ ಜೀವಸತ್ವದ ಗುಳಿಗೆ ಹಂಚಿತು. ಪಿಡುಗು ಇಳಿಯಿತು. ಬಹಳ ಮಂದಿ ಚೇತರಿಸಿಕೊಂಡರು. ಚಿಕಿತ್ಸೆ ತಡವಾದ ಕೆಲವರಿಗೆ ಹಳೆಯ ನೋಟ ಪೂರ್ತಿ ಮರಳಲಿಲ್ಲ.

ಇದೇನೂ ಹೊಸ ಕಾಯಿಲೆಯಲ್ಲ. 1898ರಲ್ಲಿ ಅಮೆರಿಕ–ಸ್ಪೇನ್ ಯುದ್ಧದಿಂದ ಇದೇ ದ್ವೀಪಕ್ಕೆ ದಿಗ್ಬಂಧನ ಬಿದ್ದಾಗ, ಡೊಮಿಂಗೊ ಮದಾನ್ ಎಂಬ ವೈದ್ಯರು ಇಂಥದೇ ಕಣ್ಣಿನ, ನರಗಳ ಬೇನೆಯನ್ನು ದಾಖಲಿಸಿದ್ದರು. ಯುದ್ಧಗಳ ಪಾಠದಲ್ಲಿ ಗೆದ್ದವರ ಹೆಸರು ಇದ್ದೇ ಇರುತ್ತದೆ. ಆ ದಿನಗಳಲ್ಲಿ ಜನ ಏನು ಉಂಡರು ಎಂಬುದನ್ನೂ ಮಕ್ಕಳು ಕೇಳಲಿ.